ಸರ್ವರ್ ಜಾಗ ಬದಲಾಯಿತು, ಡೈರೆಕ್ಟರಿಗೆ ಗೊತ್ತೇ ಆಗಲಿಲ್ಲ: ನನ್ನ ಅನುಭವ

ನಮ್ಮಲ್ಲಿ ಎರಡು ಡೊಮೈನ್ ಕಂಟ್ರೋಲರ್‌ಗಳಿವೆ, ಅಂದರೆ ಬಳಕೆದಾರರ ಖಾತೆಗಳಿರುವ ಆಕ್ಟಿವ್ ಡೈರೆಕ್ಟರಿಯನ್ನು ಇಟ್ಟುಕೊಂಡು ಲಾಗಿನ್ ನೋಡಿಕೊಳ್ಳುವ ವಿಂಡೋಸ್ ಸರ್ವರ್‌ಗಳು. ಒಂದರಲ್ಲಿ ಆದ ಬದಲಾವಣೆ ಇನ್ನೊಂದಕ್ಕೂ ದಾಟಬೇಕು, ಅದಕ್ಕೆ ರೆಪ್ಲಿಕೇಷನ್ ಅಂತಾರೆ. ಎರಡೂ ಮುಖ್ಯ ಕಚೇರಿಯಲ್ಲೇ, ಒಂದೇ ನೆಟ್‌ವರ್ಕಿನಲ್ಲಿದ್ದವು. ಶಾಖೆಯಲ್ಲಿ ಜನ ಜಾಸ್ತಿಯಾದ ಮೇಲೆ ಎರಡನೆಯದನ್ನು, ಅಂದರೆ ಡಿಸಿ2 ಅನ್ನು, ಅಲ್ಲಿಗೆ ಸಾಗಿಸೋಣ ಅಂತ ತೀರ್ಮಾನವಾಯಿತು. ಕೆಲಸ ನನ್ನದು. ಶುಕ್ರವಾರ ರಾತ್ರಿ ಆಫ್ ಮಾಡಿದೆ, ಶನಿವಾರ ಶಾಖೆಯ ರ‍್ಯಾಕಿನಲ್ಲಿ ಕೂರಿಸಿದೆ, ಐಪಿ 10.1.0.11 ಇದ್ದದ್ದನ್ನು 10.2.0.11 ಮಾಡಿದೆ. ಪಿಂಗ್ ಬಂತು. ಲಾಗಿನ್ ಆಯಿತು. ಶಾಖೆಯಲ್ಲಿ ಹೊಸದಾಗಿ ಸೇರುವವರಿಗೆ ಒಂದೆರಡು ಖಾತೆಗಳನ್ನೂ ಅಲ್ಲಿಂದಲೇ ಮಾಡಿಟ್ಟು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಮುಖ್ಯ ಕಚೇರಿಯಿಂದ ಫೋನ್. "ಸರ್, ಹೊಸಬರು ತರಬೇತಿಗೆ ಇಲ್ಲಿಗೆ ಬಂದಿದ್ದಾರೆ. ಅವರ ಹೆಸರೇ ಇಲ್ಲ ಅಂತಿದೆ. ನೀವು ಸೇರಿಸಿದ್ದೀರಿ ಅಲ್ವಾ?" ಸೇರಿಸಿದ್ದೆ. ಡಿಸಿ2ರಲ್ಲಿ ಖಾತೆ ಕಣ್ಣಿಗೆ ಕಾಣುತ್ತಿತ್ತು, ಡಿಸಿ1ರಲ್ಲಿ ಇರಲಿಲ್ಲ. ಎರಡು ದಿನ ಕಳೆದಿದೆ, ಒಂದು ಬದಲಾವಣೆಯೂ ದಾಟಿಲ್ಲ.

ಡಿಸಿ1ರಲ್ಲಿ, ರೆಪ್ಲಿಕೇಷನ್ ಸ್ಥಿತಿ ತೋರಿಸುವ ರೆಪ್‌ಅಡ್ಮಿನ್ ಶೋರೆಪ್ಲ್ ಆಜ್ಞೆ ಓಡಿಸಿದೆ. ಡಿಸಿ2ರಿಂದ ತರಬೇಕಾದ ಐದೂ ಪಾರ್ಟಿಷನ್‌ಗಳು (ಡೈರೆಕ್ಟರಿಯ ಭಾಗಗಳು) ಫೇಲ್. ಸ್ಕೀಮಾ, ಕಾನ್ಫಿಗರೇಷನ್, ಡೊಮೈನ್, ಎರಡು ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕಿಕೊಡುವ ವ್ಯವಸ್ಥೆ) ಪಾರ್ಟಿಷನ್, ಎಲ್ಲದರ ಕೆಳಗೂ ಒಂದೇ ಸಂಖ್ಯೆ: 1722, ಆರ್‌ಪಿಸಿ (ಒಂದು ಕಂಪ್ಯೂಟರ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ವಿಧಾನ) ಸರ್ವರ್ ಸಿಗುತ್ತಿಲ್ಲ. ಅದೇ ಆಜ್ಞೆಯನ್ನು ಡಿಸಿ2ರಲ್ಲಿ ಓಡಿಸಿದರೆ ಎಲ್ಲ ಸಲೀಸು. ಡಿಸಿ1ರಿಂದ ಅದು ಚೆನ್ನಾಗಿಯೇ ಎಳೆದುಕೊಳ್ಳುತ್ತಿದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ರೆಪ್ಲಿಕೇಷನ್ ಅನ್ನೋದು ಎಳೆದುಕೊಳ್ಳುವ ಕೆಲಸ, ತಳ್ಳುವ ಕೆಲಸ ಅಲ್ಲ. ಡಿಸಿ1ಕ್ಕೆ ಬೇಕಾದದ್ದನ್ನು ಡಿಸಿ1 ತಾನೇ ಹೋಗಿ ತರಬೇಕು. ಹಾಗಾಗಿ ಒಂದು ದಿಕ್ಕು ಸರಿಯಿದ್ದು ಇನ್ನೊಂದು ದಿಕ್ಕು ಸತ್ತಿರುವುದು ತುಂಬಾ ಸಾಮಾನ್ಯ. ಒಂದೇ ಸರ್ವರ್ ಮುಂದೆ ಕೂತು ನೋಡಿದರೆ ಅರ್ಧ ಕಥೆ ಮಾತ್ರ ಸಿಗುತ್ತೆ. ಶನಿವಾರ ನಾನು ಮಾಡಿದ್ದು ಅದೇ. ಸಾಗಿಸಿದ ಸರ್ವರಿನಲ್ಲೇ ಎಲ್ಲ ಪರೀಕ್ಷೆ ಮಾಡಿದೆ, ಉಳಿದುಕೊಂಡ ಸರ್ವರನ್ನು ಕೇಳಲೇ ಇಲ್ಲ.

ಈಗ ಡಿಸಿ1ರ ಕಣ್ಣಿನಿಂದ ನೋಡೋಣ ಅಂತ ಕೂತೆ. ಜೊತೆಗಾರನನ್ನು ಅದು ಹುಡುಕುವುದು ಸರ್ವರ್ ಹೆಸರಿನಿಂದ ಅಲ್ಲ. ಪ್ರತಿ ಡೊಮೈನ್ ಕಂಟ್ರೋಲರಿಗೂ ಒಂದು ಉದ್ದನೆಯ ಜಿಯುಐಡಿ, ಅಂದರೆ ಅದಕ್ಕೆ ಮಾತ್ರ ಸೇರಿದ ಗುರುತಿನ ಸಂಖ್ಯೆ, ಇರುತ್ತೆ, ಅಂಡರ್‌ಸ್ಕೋರ್ ಎಂಎಸ್‌ಡಿಸಿಎಸ್ ಅನ್ನುವ ಡಿಎನ್‌ಎಸ್ ಜೋನಿನಲ್ಲಿ (ದಾಖಲೆಗಳ ಗುಂಪಿನಲ್ಲಿ) ಅದರ ಹೆಸರಲ್ಲಿ ಒಂದು ಸಿನೇಮ್ ದಾಖಲೆ ಇರುತ್ತೆ. ಆ ದಾಖಲೆ ಸರ್ವರಿನ ಹೆಸರನ್ನು ತೋರಿಸುತ್ತೆ, ಹೆಸರು ಐಪಿಯನ್ನು ತೋರಿಸುತ್ತೆ. ಡಿಸಿ1ರಲ್ಲಿ ಎನ್‌ಎಸ್‌ಲುಕಪ್ ತೆಗೆದು ಆ ಉದ್ದನೆಯ ಹೆಸರನ್ನು ಅಂಟಿಸಿ ಎಂಟರ್ ಒತ್ತಿದೆ. ಕೊನೆಯ ಸಾಲಿನಲ್ಲಿ ಬಂದದ್ದು 10.1.0.11. ಹಳೆಯ ಐಪಿ! ಡಿಸಿ2ರಲ್ಲಿ ಅದೇ ಪ್ರಶ್ನೆ ಕೇಳಿದರೆ 10.2.0.11.

ಯಾಕೆ ಹೀಗೆ ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಡಿಎನ್‌ಎಸ್ ಜೋನ್ ಡೈರೆಕ್ಟರಿಯೊಳಗೇ ಇದೆ. ಡಿಸಿ2ರ ನೆಟ್‌ವರ್ಕ್ ಕಾರ್ಡಿನಲ್ಲಿ ಮೊದಲ ಡಿಎನ್‌ಎಸ್ ಅಂತ ಅದರದ್ದೇ ವಿಳಾಸ ಇತ್ತು. ಐಪಿ ಬದಲಾದ ಕೂಡಲೇ ಅದು ತನ್ನ ಹೊಸ ವಿಳಾಸವನ್ನು ತನ್ನದೇ ಪ್ರತಿಯಲ್ಲಿ ಬರೆದುಕೊಂಡಿತು. ಆ ಬರಹ ಡಿಸಿ1ಕ್ಕೆ ತಲುಪಬೇಕಾದರೆ ರೆಪ್ಲಿಕೇಷನ್ ನಡೆಯಬೇಕು. ರೆಪ್ಲಿಕೇಷನ್ ನಡೆಯಬೇಕಾದರೆ ಡಿಸಿ1ಕ್ಕೆ ಹೊಸ ವಿಳಾಸ ಗೊತ್ತಿರಬೇಕು. ಬಾವಿಯೊಳಗೆ ಬಿದ್ದ ಹಗ್ಗವನ್ನು ಅದೇ ಹಗ್ಗದಿಂದ ಎತ್ತಿದ ಹಾಗೆ! ಎಷ್ಟು ದಿನ ಕಾದರೂ ಇದು ತಾನಾಗಿ ಸರಿಹೋಗುವುದಿಲ್ಲ.

ಪರಿಹಾರ ಮಾತ್ರ ಸುಲಭ. ಡಿಸಿ2ರ ಮೊದಲ ಡಿಎನ್‌ಎಸ್ ಆಗಿ ಡಿಸಿ1ರ ವಿಳಾಸ ಕೊಟ್ಟೆ, ತನ್ನದನ್ನು ಎರಡನೇ ಜಾಗಕ್ಕೆ ಇಳಿಸಿದೆ. ಆಮೇಲೆ ಐಪಿಕಾನ್ಫಿಗ್ ರಿಜಿಸ್ಟರ್‌ಡಿಎನ್‌ಎಸ್, ಹಿಂದೆಯೇ ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್. ಎರಡೂ ಬೇಕು. ಸರ್ವರಿನ ಸ್ವಂತ ಹೆಸರಿನ ದಾಖಲೆ ಮೊದಲನೆಯದರಿಂದ ಬರುತ್ತೆ, ಎಸ್‌ಆರ್‌ವಿ ದಾಖಲೆಗಳು (ಯಾವ ಸೇವೆ ಯಾವ ಸರ್ವರಿನಲ್ಲಿದೆ ಅಂತ ತೋರಿಸುವವು) ಮತ್ತು ಆ ಜಿಯುಐಡಿ ದಾಖಲೆ ಬರುವುದು ನೆಟ್‌ಲಾಗಾನ್‌ನಿಂದ. ಈ ಸಲ ಬರಹ ನೇರವಾಗಿ ಡಿಸಿ1ರ ಪ್ರತಿಗೇ ಬಿತ್ತು. ಡಿಸಿ1ರಲ್ಲಿ ಡಿಎನ್‌ಎಸ್ ಕ್ಯಾಶ್ ಖಾಲಿ ಮಾಡಿ ಮತ್ತೆ ಕೇಳಿದೆ. 10.2.0.11. ಅಬ್ಬಾ ಅನ್ನಿಸಿತು.

ಅಂದಹಾಗೆ ಡಿಸಿ1ರ ಕಾರ್ಡಿನಲ್ಲೂ ಎರಡನೇ ಡಿಎನ್‌ಎಸ್ ಅಂತ 10.1.0.11 ಇತ್ತು. ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸಗಳನ್ನು ಕೊಡುವ ಡಿಎಚ್‌ಸಿಪಿ ಹಂಚುತ್ತಿದ್ದ ಪಟ್ಟಿಯಲ್ಲೂ ಅದೇ. ಎರಡನ್ನೂ ಬದಲಾಯಿಸಿದೆ.

ರೆಪ್ಲಿಕೇಷನ್ ಮತ್ತೆ ಓಡಿಸಿದೆ. ಮತ್ತೆ 1722.

ಆ ಕ್ಷಣ ತುಂಬಾ ಬೇಸರವಾಯಿತು. ಪಕ್ಕದಲ್ಲಿದ್ದ ಸಹೋದ್ಯೋಗಿ, "ಸಾಗಿಸುವ ಮುಂಚೆ ಡಿಸಿ2 ಓಡುತ್ತಿದ್ದ ವರ್ಚುವಲ್ ಮಷೀನಿನ ಪ್ರತಿ ತೆಗೆದಿಟ್ಟಿದ್ದೀವಲ್ಲ, ಅದನ್ನೇ ಹಳೆ ಜಾಗದಲ್ಲಿ ಎಬ್ಬಿಸಿಬಿಡೋಣ" ಅಂದರು. ಬೇಡ ಅಂದೆ, ಈಗಲೂ ಬೇಡ ಅಂತಲೇ ಹೇಳುತ್ತೇನೆ. ಪ್ರತಿ ಡೊಮೈನ್ ಕಂಟ್ರೋಲರ್ ತನ್ನ ಬದಲಾವಣೆಗಳಿಗೆ ಯುಎಸ್‌ಎನ್ ಅಂತ ಏರುತ್ತಾ ಹೋಗುವ ಸಂಖ್ಯೆ ಕೊಡುತ್ತೆ. ಹಳೆಯ ಪ್ರತಿಯನ್ನು ಎಬ್ಬಿಸಿದರೆ ಆ ಸಂಖ್ಯೆ ಹಿಂದಕ್ಕೆ ಹೋಗಬಹುದು, ಹಾಗಾದರೆ ಜೊತೆಗಾರ ಹೊಸ ಬದಲಾವಣೆಗಳನ್ನು 'ಇದು ನನ್ನ ಹತ್ತಿರ ಇದೆ' ಅಂತ ಸುಮ್ನೆ ಬಿಟ್ಟುಬಿಡುತ್ತಾನೆ. ವಿಂಡೋಸ್ ಸರ್ವರ್ 2012ರಿಂದ ಇದಕ್ಕೆ ರಕ್ಷಣೆ ಇದೆ ನಿಜ, ಆದರೆ ವರ್ಚುವಲ್ ಮಷೀನನ್ನು ಓಡಿಸುವ ಹೈಪರ್‌ವೈಸರ್ ಕೂಡ ಅದಕ್ಕೆ ಬೆಂಬಲ ಕೊಡಬೇಕು. ಅಲ್ಲದೆ ಶನಿವಾರ ಮಾಡಿದ ಖಾತೆಗಳು ಆ ಪ್ರತಿಯಲ್ಲಿ ಇಲ್ಲವೇ ಇಲ್ಲ. ಅವಸರಪಡುವ ಅಗತ್ಯವೂ ಇರಲಿಲ್ಲ. ಟೂಂಬ್‌ಸ್ಟೋನ್ ಅವಧಿ (ಅಳಿಸಿದ್ದರ ಗುರುತು ಡೈರೆಕ್ಟರಿಯಲ್ಲಿ ಉಳಿಯುವ ಕಾಲ) ನಮ್ಮಲ್ಲಿ 180 ದಿನ, ನಾವಿನ್ನೂ ಮೂರನೇ ದಿನದಲ್ಲಿದ್ದೆವು. ಅಷ್ಟರೊಳಗೆ ದಾರಿ ತೆರೆದರೆ ಉಳಿದದ್ದನ್ನು ಡೈರೆಕ್ಟರಿ ತಾನೇ ತುಂಬಿಕೊಳ್ಳುತ್ತೆ.

ಹಾಗಾದರೆ ದಾರಿಯಲ್ಲಿ ಏನಿದೆ? ಡಿಸಿ1ರಿಂದ ಡಿಸಿ2ರ 53, 88, 135, 389, 445 ಪೋರ್ಟುಗಳನ್ನು (ಬೇರೆ ಬೇರೆ ಸೇವೆಗಳ ಸಂಖ್ಯೆ ಹಾಕಿದ ಬಾಗಿಲುಗಳನ್ನು) ಒಂದೊಂದಾಗಿ ತಟ್ಟಿ ನೋಡಿದೆ. ಎಲ್ಲ ತೆರೆದಿವೆ. ಗಡಿಯಾರವೂ ಸರಿಯಿದೆ. (ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ, ಗುರುತು ಪರೀಕ್ಷಿಸುವ ಕರ್ಬರೋಸ್ ಒಪ್ಪುವುದಿಲ್ಲ, ಅದಕ್ಕೇ ನೋಡಿದೆ.) ಆಮೇಲೆ ಒಂದು ಕಿಟಕಿಯಲ್ಲಿ ರೆಪ್ಲಿಕೇಷನ್ ಓಡಿಸಿ, ಇನ್ನೊಂದು ಕಿಟಕಿಯಲ್ಲಿ, ನಡೆಯುತ್ತಿರುವ ಸಂಪರ್ಕಗಳನ್ನು ತೋರಿಸುವ ನೆಟ್‌ಸ್ಟ್ಯಾಟ್ ಒತ್ತುತ್ತಾ ಕೂತೆ. ಒಂದು ಸಾಲು ಕಂಡಿತು: 10.2.0.11, ಪೋರ್ಟ್ 49668, ಪಕ್ಕದಲ್ಲಿ ಸಿನ್ ಸೆಂಟ್. ಬಾಗಿಲು ತಟ್ಟಿದೆ, ಯಾರೂ ಓಗೊಟ್ಟಿಲ್ಲ ಅಂತ ಅರ್ಥ. ಸ್ವಲ್ಪ ಹೊತ್ತು ಹಾಗೇ ನಿಂತು ಮಾಯವಾಯಿತು.

ಅಲ್ಲಿಗೆ ಗೊತ್ತಾಯಿತು. 135 ಅನ್ನೋದು ವಿಚಾರಣೆ ಕೌಂಟರ್ ಇದ್ದ ಹಾಗೆ. 'ನಿಮ್ಮ ಕೆಲಸ ಇಂಥ ಪೋರ್ಟಿನಲ್ಲಿ' ಅಂತ ಹೇಳಿ ಕಳಿಸುತ್ತೆ ಅಷ್ಟೇ. ನಿಜವಾದ ಮಾತುಕತೆ ನಡೆಯುವುದು 49152ರಿಂದ 65535ರ ನಡುವಿನ ಯಾವುದೋ ಪೋರ್ಟಿನಲ್ಲಿ. ಮೊದಲು ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದಾಗ ನಡುವೆ ಫೈರ್‌ವಾಲ್ ಇರಲಿಲ್ಲ, ಈ ಪ್ರಶ್ನೆಯೇ ಬಂದಿರಲಿಲ್ಲ. ಈಗ ಎರಡು ಕಚೇರಿಗಳ ನಡುವೆ ಟನಲ್ ಇದೆ, ಅಲ್ಲಿ ಫೈರ್‌ವಾಲ್ ಕೂತಿದೆ. ಶಾಖೆಯಿಂದ ಮುಖ್ಯ ಕಚೇರಿಗೆ ಎಲ್ಲಕ್ಕೂ ಅನುಮತಿ, ಮುಖ್ಯ ಕಚೇರಿಯಿಂದ ಶಾಖೆಗೆ ಪಟ್ಟಿಯಲ್ಲಿರುವ ಪೋರ್ಟುಗಳಿಗೆ ಮಾತ್ರ. ಒಂದು ದಿಕ್ಕು ಸರಿಯಿದ್ದು ಇನ್ನೊಂದು ಸತ್ತಿದ್ದಕ್ಕೆ ಇದೂ ಒಂದು ಕಾರಣ. ಅದೇ 1722, ಕೆಳಗೆ ಎರಡು ಬೇರೆ ಬೇರೆ ತೊಂದರೆ, ಒಂದರ ಹಿಂದೆ ಒಂದು ಅಡಗಿಕೊಂಡಿದ್ದವು.

ರಿಜಿಸ್ಟ್ರಿಯಲ್ಲಿ ರೆಪ್ಲಿಕೇಷನ್‌ಗೆ ಒಂದೇ ಪೋರ್ಟ್ ಕಟ್ಟಿಹಾಕಬಹುದು. ಆದರೆ ಆಮೇಲೆ ನೆಟ್‌ಲಾಗಾನ್‌ಗೂ ಫೈಲುಗಳನ್ನು ನಕಲಿಸುವ ಡಿಎಫ್‌ಎಸ್‌ಆರ್‌ಗೂ ಬೇರೆ ಬೇರೆಯಾಗಿ ಕಟ್ಟಬೇಕು, ಮುಂದೆ ಬರುವವರಿಗೆ ಅದನ್ನು ನೆನಪಿಟ್ಟುಕೊಳ್ಳುವ ಹೊರೆ. ಎರಡೇ ಸರ್ವರ್ ಇರುವ ನಮಗೆ ಅದು ಬೇಡ ಅನ್ನಿಸಿತು. ನೆಟ್‌ವರ್ಕ್ ತಂಡದವರಿಗೆ ನೆಟ್‌ಸ್ಟ್ಯಾಟ್‌ನ ಆ ಒಂದು ಸಾಲಿನ ಚಿತ್ರ ಕಳಿಸಿ, ಈ ಎರಡು ಐಪಿಗಳ ನಡುವೆ ಮಾತ್ರ, ಎರಡೂ ದಿಕ್ಕಿಗೆ, ಆ ಶ್ರೇಣಿ ತೆರೆಯಿರಿ ಅಂತ ಕೇಳಿದೆ. ಚಿತ್ರ ಇದ್ದದ್ದರಿಂದ ವಾದವೇ ಆಗಲಿಲ್ಲ. ಹತ್ತು ನಿಮಿಷದಲ್ಲಿ ಐದೂ ಪಾರ್ಟಿಷನ್ ಸರಿಹೋದವು. ಹೊಸಬರು ಲಾಗಿನ್ ಆದರು.

ಇಷ್ಟಾದರೂ ಶಾಖೆಯವರ ದೂರು ನಿಲ್ಲಲಿಲ್ಲ. "ಸರ್ವರ್ ಇಲ್ಲೇ ಇದೆ ಅಂತೀರಿ, ಬೆಳಿಗ್ಗೆ ಲಾಗಿನ್ ಆಗೋಕೆ ಮೊದಲಿನಷ್ಟೇ ಹೊತ್ತು ಬೇಕು." ಅವರು ಹೇಳಿದ್ದು ನಿಜವೇ. ಅವರ ಒಂದು ಕಂಪ್ಯೂಟರಿನಲ್ಲಿ ಯಾವ ಡೊಮೈನ್ ಕಂಟ್ರೋಲರ್ ಸಿಗುತ್ತೆ ಅಂತ ತೋರಿಸುವ ಎನ್‌ಎಲ್‌ಟೆಸ್ಟ್ ಡಿಎಸ್‌ಗೆಟ್‌ಡಿಸಿ ಓಡಿಸಿದರೆ ಉತ್ತರ ಕೊಟ್ಟದ್ದು ಡಿಸಿ1, ಟನಲ್ಲಿನ ಆ ಕಡೆಯದ್ದು.

ಐಪಿ ಬದಲಾಯಿಸಿದ ಮಾತ್ರಕ್ಕೆ ಡೊಮೈನ್ ಕಂಟ್ರೋಲರಿನ ಸೈಟ್, ಅಂದರೆ ಅದು ಯಾವ ಜಾಗಕ್ಕೆ ಸೇರಿದ್ದು ಅನ್ನುವ ಡೈರೆಕ್ಟರಿಯ ಲೆಕ್ಕ, ಬದಲಾಗುವುದಿಲ್ಲ. ಪ್ರೊಮೋಟ್ ಮಾಡುವಾಗ (ಸರ್ವರನ್ನು ಡೊಮೈನ್ ಕಂಟ್ರೋಲರ್ ಮಾಡುವಾಗ) ಯಾವ ಸೈಟಿನಲ್ಲಿ ಕೂತಿತೋ ಅಲ್ಲೇ ಇರುತ್ತೆ, ನಾವೇ ಎತ್ತಿ ಇನ್ನೊಂದು ಕಡೆ ಇಡಬೇಕು. ಸೈಟ್ಸ್ ಆಂಡ್ ಸರ್ವೀಸಸ್ ತೆರೆದು ನೋಡಿದೆ. ಶಾಖೆಗೆ ಸೈಟ್ ಇತ್ತು, 10.2 ಸಬ್‌ನೆಟ್ (ಅಲ್ಲಿನ ಐಪಿಗಳ ಗುಂಪು) ಕೂಡ ಅದಕ್ಕೆ ಸೇರಿತ್ತು, ಆದರೆ ಒಳಗೆ ಸರ್ವರ್ ಇರಲಿಲ್ಲ. ಹೀಗೆ ಸರ್ವರ್ ಇಲ್ಲದ ಸೈಟ್ ಇದ್ದರೆ ಹತ್ತಿರದ ಸೈಟಿನ ಸರ್ವರ್‌ಗಳು ಅದರ ಹೆಸರಲ್ಲೂ ದಾಖಲೆ ಬರೆಸಿಕೊಂಡು ಸೇವೆ ಕೊಡುತ್ತವೆ. ಡೈರೆಕ್ಟರಿಯ ಲೆಕ್ಕದಲ್ಲಿ ಎರಡೂ ಸರ್ವರ್ ಮುಖ್ಯ ಸೈಟಿನಲ್ಲೇ ಇದ್ದವು. ಶಾಖೆಯ ಕಂಪ್ಯೂಟರಿಗೆ ಎರಡೂ ಒಂದೇ, ಯಾವುದು ಸಿಕ್ಕರೆ ಅದು.

ಡಿಸಿ2 ಅನ್ನು ಶಾಖೆಯ ಸೈಟಿಗೆ ಸರಿಸಿದೆ. ಯಾರು ಯಾರಿಂದ ಎಳೆದುಕೊಳ್ಳಬೇಕು ಅಂತ ಲೆಕ್ಕ ಹಾಕುವ ಕೆಸಿಸಿಯನ್ನು ಎಬ್ಬಿಸಲು ಎರಡೂ ಸರ್ವರಿನಲ್ಲಿ ರೆಪ್‌ಅಡ್ಮಿನ್ ಕೆಸಿಸಿ ಓಡಿಸಿದೆ. ಬಿಟ್ಟರೆ ಅದು 15 ನಿಮಿಷಕ್ಕೊಮ್ಮೆ ತಾನೇ ಓಡುತ್ತೆ, ನನಗೆ ತಾಳ್ಮೆ ಇರಲಿಲ್ಲ. ನೆಟ್‌ಲಾಗಾನ್ ಮತ್ತೊಮ್ಮೆ ರೀಸ್ಟಾರ್ಟ್. ಡಿಎನ್‌ಎಸ್‌ನಲ್ಲಿ ಶಾಖೆಯ ಸೈಟಿನ ಕೆಳಗೆ ಡಿಸಿ2ರ ಹೆಸರು ಬಂದದ್ದು ನೋಡಿದೆ, ಮುಖ್ಯ ಸೈಟಿನ ಕೆಳಗೆ ಉಳಿದಿದ್ದ ಅದರ ಹಳೆಯ ದಾಖಲೆಗಳನ್ನು ಅಳಿಸಿದೆ. ಡೊಮೈನಿನ ಸ್ವಂತ ಹೆಸರಿಗೆ ಕೂಡ 10.1.0.11 ಅಂತ ಒಂದು ದಾಖಲೆ ಅಲ್ಲೇ ಕೂತಿತ್ತು. ಇದನ್ನು ತುಂಬಾ ಜನ ಮರೆಯುತ್ತಾರೆ. ಆ ಹೆಸರಿನಿಂದ ಹುಡುಕುವ ಪ್ರೋಗ್ರಾಮ್‌ಗಳು ಕೆಲವೊಮ್ಮೆ ಸರಿ, ಕೆಲವೊಮ್ಮೆ ಸ್ತಬ್ಧ ಆಗುವುದು ಇಂಥ ಸತ್ತ ದಾಖಲೆಯಿಂದಲೇ.

ಸೈಟ್ ಬೇರೆಯಾದ ಕೂಡಲೇ ಇನ್ನೊಂದು ಬದಲಾವಣೆ ಬರುತ್ತೆ, ಮೊದಲೇ ಎಲ್ಲರಿಗೂ ಹೇಳಿಬಿಡುವುದು ಒಳ್ಳೆಯದು. ಒಂದೇ ಸೈಟಿನೊಳಗೆ ಬದಲಾವಣೆ ಸೆಕೆಂಡುಗಳಲ್ಲಿ ದಾಟುತ್ತೆ. ಸೈಟುಗಳ ನಡುವೆ ಮೊದಲಿಗೆ ಇರುವ ಅಂತರ 180 ನಿಮಿಷ. ಹೇಳದಿದ್ದರೆ 'ಮತ್ತೆ ಕೆಟ್ಟಿದೆ' ಅಂತ ಫೋನ್ ಬರುತ್ತೆ. ನಾನು ಸೈಟ್ ಲಿಂಕಿನಲ್ಲಿ 15 ನಿಮಿಷ ಮಾಡಿದೆ, ಅಲ್ಲಿ ಅದಕ್ಕಿಂತ ಕಡಿಮೆ ಇಡಲು ಆಗುವುದಿಲ್ಲ.

ಹಳೆಯ ಐಪಿಯನ್ನು ಇನ್ನೂ ಯಾರು ಹಿಡಿದುಕೊಂಡಿದ್ದಾರೆ ಅಂತ ತಿಳಿಯಲು, 10.1.0.11ಕ್ಕೆ ಯಾರೇ ತಟ್ಟಿದರೂ ಬರೆದಿಡುವ ಹಾಗೆ ಏರ್ಪಾಡು ಮಾಡಿಸಿದೆ. ಮೊದಲ ದಿನ ಉದ್ದ ಪಟ್ಟಿ ಬಂತು, ಹೆಚ್ಚಿನವು ಡಿಎಚ್‌ಸಿಪಿ ಹೊಸದಾಗಿ ತೆಗೆದುಕೊಂಡ ಮೇಲೆ ಮಾಯವಾದವು. ಎಂಟನೇ ದಿನಕ್ಕೆ ಉಳಿದದ್ದು ಒಂದೇ, ಇಮೇಲ್ ವಿಳಾಸ ಹುಡುಕಲು ಎಲ್‌ಡಿಎಪಿ (ಡೈರೆಕ್ಟರಿಯನ್ನು ಕೇಳುವ ವಿಧಾನ) ಬಳಸುತ್ತಿದ್ದ ಒಂದು ಸ್ಕ್ಯಾನರ್. ಅದರ ಸೆಟ್ಟಿಂಗಿನಲ್ಲಿ ಐಪಿ ತೆಗೆದು ಡೊಮೈನ್ ಹೆಸರು ಹಾಕಿದೆ. ಮರುದಿನ ಪಟ್ಟಿ ಖಾಲಿ ಬಂತು.