ಪರೀಕ್ಷೆ ಭಯಕ್ಕೆ ಸಂಗೀತ: ಯಾವಾಗ ಹಚ್ಚಬೇಕು, ಯಾವಾಗ ಬಂದ್ ಮಾಡಬೇಕು

ನನ್ನ ಅಕ್ಕನ ಮಗ ರಾಣೆಬೆನ್ನೂರಿನಿಂದ ಬಂದು, ಧಾರವಾಡದ ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಎರಡನೇ ವರ್ಷ ಓದಿದ. ಪರೀಕ್ಷೆ ಹತ್ತಿರ ಬಂದ ಹಾಗೆ ಕಿವಿಯಿಂದ ಇಯರ್‌ಫೋನ್ ತೆಗೆಯುವುದನ್ನೇ ಬಿಟ್ಟ. "ಮಾಮಾ, ಹಾಡು ಇಲ್ಲಂದ್ರ ಎದಿ ಢವಢವ ಅಂತೈತಿ" ಅಂದ. ಅವನು ಹೇಳಿದ್ದು ನಿಜವೇ, ಹಾಡು ಇದ್ದಾಗ ಮುಖ ನಿರಾಳ ಇರುತ್ತಿತ್ತು. ಆದರೆ ಒಂದು ಸಂಜೆ ಎರಡು ತಾಸು ಓದಿ ಎದ್ದವನಿಗೆ ಅದೇ ಪಾಠದಿಂದ ನಾಲ್ಕು ಪ್ರಶ್ನೆ ಕೇಳಿದೆ. ಒಂದಕ್ಕೂ ಪೂರ್ತಿ ಉತ್ತರ ಬರಲಿಲ್ಲ. ಹಾಡು ಭಯ ಇಳಿಸಿತ್ತು, ಜೊತೆಗೆ ಓದನ್ನೂ ತಿಂದಿತ್ತು.

ಅದಕ್ಕೇ ಮೊದಲು ಇವೆರಡನ್ನು ಬೇರೆ ಮಾಡಿ. ಭಯ ಇಳಿಸೋಕೆ ಸಂಗೀತ ಓದಿಗೆ ಮೊದಲು, ಮತ್ತೆ ನಡುವಿನ ಬಿಡುವಿನಲ್ಲಿ. ಹೊಸ ಪಾಠ ಓದುವಾಗ, ಬಾಯಿಪಾಠ ಮಾಡುವಾಗ ಬಂದ್. ಓದುವಾಗ ನಾವು ಮನಸ್ಸಿನೊಳಗೇ ಮಾತಾಡಿಕೊಳ್ಳುತ್ತಿರುತ್ತೇವೆ ಅಲ್ವಾ, ಹಾಡಿನ ಮಾತೂ ಬಂದು ಅದೇ ಜಾಗದಲ್ಲಿ ಕೂರುತ್ತದೆ. ನಿಮಗೆ ಅರ್ಥವಾಗುವ ಭಾಷೆಯ ಹಾಡಾದರೆ ಇನ್ನೂ ಜಾಸ್ತಿ ತೊಂದರೆ. ಚಿತ್ರ ಬಿಡಿಸೋದು, ನೋಟ್ಸ್ ಫೇರ್ ಮಾಡೋದು, ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಬಿಡಿಸೋದು, ಇಂಥದ್ದಕ್ಕೆ ಸಣ್ಣಗೆ ಹಚ್ಚಿಕೊಂಡರೆ ಅಡ್ಡಿಯಿಲ್ಲ.

ಎಲ್ಲರ ತಲೆಯೂ ಒಂದೇ ಥರ ಇರೋದಿಲ್ಲ, ಕೆಲವರಿಗೆ ಸಣ್ಣ ಸದ್ದೂ ಆಗೋದಿಲ್ಲ. ನಿಮ್ಮದನ್ನು ನೀವೇ ನೋಡಿಕೊಳ್ಳಿ. ಒಂದೇ ಪುಸ್ತಕದ ಎರಡು ಪುಟ ಸಂಗೀತ ಹಚ್ಚಿ ಓದಿ, ಮುಂದಿನ ಎರಡು ಪುಟ ಇಲ್ಲದೆ ಓದಿ. ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿರಿ. ಮೂರು ದಿನ ಹೀಗೆ ಮಾಡಿದರೆ ಯಾರನ್ನೂ ಕೇಳಬೇಕಾಗಿಲ್ಲ.

ಇನ್ನು ಏನು ಹಚ್ಚಬೇಕು ಅನ್ನೋದು. ನಿಧಾನವಾಗಿರಬೇಕು, ಮಾತಿರಬಾರದು, ನಡುವೆ ಒಮ್ಮೆಲೇ ಜೋರಾಗಬಾರದು. ತಾಳ ಇರುವ ಸಂಗೀತವಾದರೆ ನಿಮಿಷಕ್ಕೆ 60ರಿಂದ 80 ಬಡಿತದ್ದು ಒಳ್ಳೆಯದು, ಸುಮ್ನೆ ಕೂತಾಗ ನಮ್ಮ ಎದೆ ಬಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಗಡಿಯಾರ ನೋಡುತ್ತಾ 15 ಸೆಕೆಂಡು ತಾಳ ಎಣಿಸಿ, 15ರಿಂದ 20 ಬಂದರೆ ಸರಿ.

ನಮ್ಮ ಕಡೆಯವರಿಗೆ ಇದಕ್ಕಾಗಿ ದೂರ ಹುಡುಕಬೇಕಾಗಿಲ್ಲ. ರಹಿಮತ್ ಖಾನರಿಂದ ಹಿಡಿದು ಅವರ ಮೊಮ್ಮಗ ಬಾಲೇಖಾನರವರೆಗೆ ಸಿತಾರ್ ಧಾರವಾಡದ ಮನೆಮಾತು. ಸಿತಾರಿನ ಆಲಾಪ ಹಚ್ಚಿ. ಆಲಾಪದಲ್ಲಿ ತಾಳವೇ ಇರೋದಿಲ್ಲ, ಕಾಲು ಕುಣಿಸೋಕೆ ಏನೂ ಸಿಗೋದಿಲ್ಲ, ಒಂದೊಂದೇ ಸ್ವರ ತಡವಾಗಿ ಬಂದು ನಿಲ್ಲುತ್ತದೆ, ಕೇಳುತ್ತಾ ಉಸಿರೂ ತಾನಾಗಿಯೇ ಉದ್ದ ಆಗುತ್ತದೆ. ಒಂದು ಎಚ್ಚರ ಇರಲಿ, ಆಲಾಪದ ನಂತರ ಲಯ ಹಿಡಿದು ನುಡಿಸುವ ಜೋಡ ಬರುತ್ತದೆ, ಅದು ಮುಗಿದು ತಂತಿಯನ್ನು ಬಿಡದೆ ಮೀಟುವ ಝಾಲಾ ಶುರುವಾದರೆ ವೇಗ ಏರುತ್ತದೆ, ಅದಕ್ಕೆ ಮೊದಲೇ ನಿಲ್ಲಿಸಿಬಿಡಿ. ಬಾನ್ಸುರಿ, ಅಂದರೆ ಕೊಳಲೂ ಆಗುತ್ತದೆ. ಆದರೆ ಮಲ್ಲಿಕಾರ್ಜುನ ಮನಸೂರರನ್ನು ಹಚ್ಚಿಕೊಂಡು ಪುಸ್ತಕ ತೆರೆಯಬೇಡಿ. ಆ ಗಾಯನ ಪೂರ್ತಿ ಕಿವಿ ಕೇಳುತ್ತದೆ, ಪರೀಕ್ಷೆ ಮುಗಿದ ಮೇಲೆ ಕೂತು ಕೇಳಿ.

ಮೊಝಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಅಂತ ವಿಡಿಯೋ ಕಳಿಸುವವರು ಇದ್ದಾರೆ. ಆ ಮಾತು ಹುಟ್ಟಿದ್ದು 1993ರಲ್ಲಿ, ಅಮೆರಿಕದಲ್ಲಿ 36 ಕಾಲೇಜು ಹುಡುಗ ಹುಡುಗಿಯರ ಮೇಲೆ ಮಾಡಿದ ಒಂದು ಪ್ರಯೋಗದಿಂದ. ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಕತ್ತರಿಸಿ ನೋಡುವಂಥ ಕೆಲಸದಲ್ಲಿ ಸ್ವಲ್ಪ ಹೆಚ್ಚು ಅಂಕ ಬಂತು, ಅದೂ 10–15 ನಿಮಿಷದ ಮಟ್ಟಿಗೆ. ಇತಿಹಾಸದ ಪೇಪರಿಗೆ ಅದರಿಂದ ಏನೂ ಆಗೋದಿಲ್ಲ.

ಪರೀಕ್ಷೆಯ ದಿನದ ಬೆಳಿಗ್ಗೆಯೇ ಸಂಗೀತ ಜಾಸ್ತಿ ಕೆಲಸಕ್ಕೆ ಬರೋದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವವರು ಆ ದಾರಿಯ ಹೊತ್ತನ್ನೇ ಬಳಸಿಕೊಳ್ಳಿ. ಕೊನೇ ಗಳಿಗೆಯಲ್ಲಿ ಗೈಡ್ ತಿರುವಿ ಹಾಕುವ ಬದಲು 15 ನಿಮಿಷ ಕಣ್ಣು ಮುಚ್ಚಿ ಆಲಾಪ ಕೇಳಿ. ನಾಲ್ಕು ಎಣಿಸುತ್ತಾ ಉಸಿರು ತಗೊಳ್ಳಿ, ಆರು ಎಣಿಸುತ್ತಾ ಬಿಡಿ. ಹಿಂದಿನ ಎರಡು ವಾರವೂ ದಿನಾ ಓದಿಗೆ ಮೊದಲು ಇದೇ ರಾಗ, ಇದೇ ಉಸಿರು ರೂಢಿ ಮಾಡಿಕೊಂಡಿರಬೇಕು, ಆಗ ಅವತ್ತು ಮೈ ಬೇಗ ಮಾತು ಕೇಳುತ್ತದೆ. ಸೆಂಟರ್ ಗೇಟಿನ ಹೊರಗೆ "ಈ ಪ್ರಶ್ನೆ ಬಂದೇ ಬರ್ತದಂತೆ" ಅನ್ನೋ ಗದ್ದಲದಿಂದ ಸ್ವಲ್ಪ ದೂರ ನಿಲ್ಲಿ.

ಹಾಲ್‌ನಲ್ಲಿ ಮಾತ್ರ ಸಂಗೀತ ಇರೋದಿಲ್ಲ. ಫ್ಯಾನಿನ ಸದ್ದು, ಪಕ್ಕದವರ ಪೆನ್ನಿನ ಸದ್ದು ಅಷ್ಟೇ. ಓದಿದಾಗ ಸುತ್ತ ಏನಿತ್ತೋ ಅದು ಮತ್ತೆ ಇದ್ದರೆ ನೆನಪು ಬೇಗ ಬರುತ್ತದೆ, ಹಾಗಾಗಿ ಕೊನೇ ಮೂರು ವಾರ ವಾರಕ್ಕೆ ಎರಡು ಸಲವಾದರೂ ಮೂರು ತಾಸಿನ ಪೂರ್ತಿ ಪೇಪರು ಮನೆಯಲ್ಲೇ ನಿಶ್ಶಬ್ದದಲ್ಲಿ ಬರೆಯಿರಿ. ನಮ್ಮ ಹುಡುಗನಿಗೆ ಮೊದಲ ಪೇಪರಿನಲ್ಲಿ ಅರ್ಧ ತಾಸಿಗೇ ಚಡಪಡಿಕೆ ಶುರುವಾಯಿತು. ನಾಲ್ಕನೇ ಪೇಪರಿಗೆ ಎದ್ದೇಳದೆ ಕೂತ.

ಸಂಗೀತ ಮೊದಲೇ ಡೌನ್‌ಲೋಡ್ ಮಾಡಿಟ್ಟು ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಆಲಾಪದ ನಡುವೆ ಜಾಹೀರಾತು ಕಿರುಚುತ್ತದೆ. ಪಕ್ಕದ ಕೋಣೆಯಿಂದ ಅವ್ವ ಕರೆದರೆ ಕೇಳಿಸುವಷ್ಟೇ ಸದ್ದು ಇಡಿ. 80 ಡೆಸಿಬಲ್ ಆದರೆ ವಾರಕ್ಕೆ 40 ತಾಸು, ಅದಕ್ಕಿಂತ ಜಾಸ್ತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಯರ್‌ಫೋನ್ ಹಾಕಿಕೊಂಡೇ ಮಲಗಬೇಡಿ.

ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಹಾಡಿನಿಂದ ಹೋಗುವ ಭಯ ಅಲ್ಲ. ಸಪ್ತಾಪುರ ಬಡಾವಣೆಯ ಯಾವುದೋ ರೂಮಿನಲ್ಲಿ ಒಬ್ಬರೇ ಇದ್ದುಕೊಂಡು ತಡಕೊಳ್ಳಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಅದರ ನಂಬರು 14416, ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಅಪ್ಪ ಅಮ್ಮನಿಗೆ ಹೇಳೋಕೆ ಮನಸ್ಸು ಬಾರದಿದ್ದರೆ ಜೊತೆಗೊಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ.