ಉಗುರಿಗೂ ಸ್ಪ್ಲಿಂಟ್‌ಗೂ ನಡುವಿನ ಸಂದು

ಬೆರಳು ಮಡಚುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ಕತ್ತರಿಸಿ ಹೋದರೆ ಸರ್ಜನ್ ಹೊಲಿಯುತ್ತಾರೆ. 4-5 ದಿನದಲ್ಲಿ ಆ ಕೈ ನನ್ನಂಥ ಥೆರಪಿಸ್ಟ್ ಬಳಿಗೆ ಬರುತ್ತದೆ, ಚೆನ್ನಾಗಿ ಊದಿಕೊಂಡೇ. ಕೆಲಸದ ಹೊಸದರಲ್ಲಿ ನಾನು ಎಡವಿದ್ದು ಈ ಊತದ ವಿಷಯದಲ್ಲೇ.

ಒಬ್ಬ ರೋಗಿಗೆ ಗಾಜು ತಗುಲಿ ಉಂಗುರ ಬೆರಳಿನ ಟೆಂಡನ್ ತುಂಡಾಗಿತ್ತು. ಸ್ಪ್ಲಿಂಟ್, ಅಂದರೆ ಕೈಯನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಸರೆ, ಮಾಡಲು ಥರ್ಮೋಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿಗೆ ಹಾಕಿದೆ. ಸುಮಾರು 70 ಡಿಗ್ರಿಯಲ್ಲಿ ಅದು ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ. ಒರೆಸಿ, ನನ್ನ ಮುಂಗೈಗೆ ಮುಟ್ಟಿಸಿ ಬಿಸಿ ನೋಡಿ, ಅವರ ಕೈ ಹಿಂಬದಿಗೆ ಹೊದಿಸಿದೆ. ಮಣಿಕಟ್ಟು ನೇರ, ಬುಡದ ಗೆಣ್ಣು 40 ಡಿಗ್ರಿ ಬಾಗಿ, ಮುಂದಿನ ಎರಡು ಗೆಣ್ಣು ನೆಟ್ಟಗೆ. ಇಂಥ ಸ್ಪ್ಲಿಂಟ್ ಬೆರಳನ್ನು ಹಿಂದಕ್ಕೆ ಚಾಚಲು ಬಿಡುವುದಿಲ್ಲ, ಒಳಕ್ಕೆ ಮಡಚಲು ಬಿಡುತ್ತದೆ.

ವ್ಯಾಯಾಮ ಗಂಟೆಗೊಮ್ಮೆ. ಮೊದಲು ಇನ್ನೊಂದು ಕೈಯಿಂದ ಬೆರಳು ಮಡಚಿ ಸಡಿಲ ಮಾಡಬೇಕು, ಆಮೇಲೆ ತಾನಾಗಿಯೇ ಅರ್ಧ ಮುಷ್ಟಿ. ಸುಮ್ನೆ ಇಟ್ಟರೆ ಟೆಂಡನ್ ಅಕ್ಕಪಕ್ಕಕ್ಕೆ ಅಂಟಿಕೊಳ್ಳುತ್ತದೆ. ಜಾಸ್ತಿ ಎಳೆದರೆ ಹೊಲಿಗೆ ಕಿತ್ತುಬರುತ್ತದೆ.

10 ದಿನ ಬಿಟ್ಟು ಬಂದರು. "ಮೇಡಂ, ನೋವೇ ಇಲ್ಲ, ಇದನ್ನ ತೆಗೆದಿಡ್ಲಾ?" ಎಂದರು. ಎಲ್ಲರೂ ಕೇಳುವ ಪ್ರಶ್ನೆ. ನೋವು ಹೋಗುವುದು ಬೇಗ, ಹೊಲಿಗೆಗೆ ಬಲ ಬರುವುದು ನಿಧಾನ. ಬೇಡ ಎಂದೆ. ಬೆರಳು ಚೆನ್ನಾಗಿ ಮಡಚುತ್ತಿತ್ತು, ನನಗೂ ಖುಷಿ. ಆಗಲೇ ಕಂಡಿದ್ದು: ಉಗುರಿಗೂ ಸ್ಪ್ಲಿಂಟ್‌ಗೂ ನಡುವೆ ನನ್ನ ಕಿರುಬೆರಳು ತೂರುವಷ್ಟು ಸಂದು. ಊತ ಇಳಿದು ಸ್ಪ್ಲಿಂಟ್ ಸಡಿಲವಾಗಿತ್ತು. ನಡುಗೆಣ್ಣು ಬಾಗಿಯೇ ನಿಂತಿತ್ತು. ಅಳೆದರೆ 25 ಡಿಗ್ರಿ. ವಾರಕ್ಕೇ ಕರೆಸಿ ನೋಡಬೇಕಿತ್ತು, ಅಲ್ವಾ? ಮಡಚುವುದರ ಮೇಲೇ ಕಣ್ಣಿಟ್ಟು ನೆಟ್ಟಗಾಗುವುದನ್ನು ಮರೆತಿದ್ದೆ.

ಒತ್ತಿ ನೆಟ್ಟಗೆ ಮಾಡುವ ಹಾಗಿಲ್ಲ. ಅದೇ ಹಾಳೆಯನ್ನು ಮತ್ತೆ ಬಿಸಿ ಮಾಡಿ ಹೊಸದಾಗಿ ಕೂರಿಸಿದೆ. ಬುಡದ ಗೆಣ್ಣನ್ನು ಇನ್ನಷ್ಟು ಬಾಗಿಸಿ ಹಿಡಿದು, ಉಗುರು ಸ್ಪ್ಲಿಂಟ್‌ಗೆ ತಾಗುವ ತನಕ ಚಾಚಿ ಎಂದೆ. ಬುಡ ಬಾಗಿದ್ದರೆ ಟೆಂಡನ್ ಮೇಲೆ ಎಳೆತ ಕಮ್ಮಿ. ರಾತ್ರಿಗೆ ಬೆರಳುಗಳನ್ನು ಸ್ಪ್ಲಿಂಟ್‌ಗೆ ಒರಗಿಸಿ ಹಿಡಿಯಲು ಮೆತ್ತನೆಯ ವೆಲ್ಕ್ರೋ ಪಟ್ಟಿ ಕೊಟ್ಟೆ.

6ನೇ ವಾರ ಸರ್ಜನ್ ನೋಡಿ ಸ್ಪ್ಲಿಂಟ್ ಬಿಡಿಸಿದರು. ಭಾರದ ಕೆಲಸಕ್ಕೆ ಮಾತ್ರ 12 ವಾರ ಕಾಯಿಸಿದೆವು. ಬೆರಳಿನಲ್ಲಿ 10 ಡಿಗ್ರಿ ಬಾಗು ಉಳಿಯಿತು, ಕೊನೆಗೂ ಹೋಗಲಿಲ್ಲ.

ಈಗ ಯಾರೇ ಬಂದರೂ ಮುಷ್ಟಿ ನೋಡುವ ಮೊದಲು ಉಗುರಿನ ಹಿಂದೆ ಒಂದು ಕಾಗದದ ಚೂರು ತೂರಿಸಿ ನೋಡುತ್ತೇನೆ.