ಚಾನಲ್ 13ರಲ್ಲಿ ಮಾತ್ರ ಕೈಕೊಡುತ್ತಿದ್ದ ವೈಫೈ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಕಾಕಾನ ಸೀರೆ ಅಂಗಡಿ ಇದೆ. ಬಿಲ್ ಮಾಡುವ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ನೆಟ್‌ಗೆ ಒಂದು ಯುಎಸ್‌ಬಿ ವೈಫೈ ಡಾಂಗಲ್. ಒಂದಿನ ಕಾಕಾ ಫೋನ್ ಮಾಡಿದರು: "ತಮ್ಮಾ, ರೌಟರ್ ಬಾಜೂಕ ಇಟ್ರ ನೆಟ್ ಬರತೈತಿ, ಗಲ್ಲಾ ಕಡೆ ತಂದ್ರ ಬಂದ್. ಮೊಬೈಲ್‌ದಾಗ ಅಲ್ಲೇ ಚಲೋ ಬರತೈತಿ."

ಹೋಗಿ ನೋಡಿದೆ. ಗಲ್ಲಾ ಹತ್ತಿರ ನೆಟ್‌ವರ್ಕ್ ಹೆಸರು ಚೆನ್ನಾಗಿ ಕಾಣುತ್ತಿತ್ತು, ಕನೆಕ್ಟ್ ಮಾತ್ರ ಆಗುತ್ತಿರಲಿಲ್ಲ. ಅಂದರೆ ರೌಟರ್ ಹೇಳಿದ್ದು ಡಾಂಗಲ್‌ಗೆ ಕೇಳುತ್ತಿದೆ, ಡಾಂಗಲ್ ಹೇಳಿದ್ದು ರೌಟರ್‌ಗೆ ಮುಟ್ಟುತ್ತಿಲ್ಲ. ವೈಫೈ ಸಿಗ್ನಲ್ ಹೋಗಿಬರುವ, ನಂಬರ್ ಇಟ್ಟ ದಾರಿಗಳೇ ಚಾನಲ್‌ಗಳು. ರೌಟರ್ ತಾನಾಗಿಯೇ ಚಾನಲ್ 13 ಹಿಡಿದಿತ್ತು. 6ಕ್ಕೆ ಬದಲಿಸಿದೆ, ತಕ್ಷಣ ಕನೆಕ್ಟ್ ಆಯ್ತು. ಕಾಕಾಗೆ ಅಷ್ಟು ಸಾಕಿತ್ತು. ನನಗೆ ಸಮಾಧಾನ ಆಗಲಿಲ್ಲ.

ಅಂಗಡಿ ಬಂದ್ ಇದ್ದ ದಿನ ಡಾಂಗಲ್ ಮನೆಗೆ ತಂದು, ನಮ್ಮ ರೌಟರನ್ನೂ 13ಕ್ಕೆ ಇಟ್ಟು ಕರ್ನಲ್ ಲಾಗ್, ಅಂದ್ರೆ ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ, ತೆಗೆದೆ. ಕೋಡ್ ಓಡುವಾಗಲೇ ಅದರ ತಪ್ಪು ಹಿಡಿಯುವ ಸಾಧನ ಯುಬಿಸ್ಯಾನ್. ಯುಬಿಸ್ಯಾನ್‌ನ ಎಚ್ಚರಿಕೆ ಅಲ್ಲೇ ಇತ್ತು: ಇಂಡೆಕ್ಸ್ (ಖಾನೆಯ ನಂಬರ್) 13, ಅರೇ (ಖಾನೆಗಳ ಸಾಲು) ಅಳತೆಯೂ 13. ಡಾಂಗಲ್ ನಡೆಸುವ ಪ್ರೋಗ್ರಾಂ ಆದ ಡ್ರೈವರ್‌ನ ಫೈಲ್ ಹೆಸರು, ಸಾಲಿನ ನಂಬರ್ ಸಮೇತ. ಒಂದು ಮಾತು ನೆನಪಿಡಿ, ಯುಬಿಸ್ಯಾನ್ ಒಂದು ಜಾಗದ ತಪ್ಪನ್ನು ಒಮ್ಮೆ ಮಾತ್ರ ಬರೆಯುತ್ತದೆ. ಮತ್ತೆ ನೋಡಬೇಕಂದ್ರೆ ಡ್ರೈವರ್ ಮಾಡ್ಯೂಲ್ ತೆಗೆದು ಹೊಸದಾಗಿ ಲೋಡ್ ಮಾಡಬೇಕು. ಇದು ಗೊತ್ತಿಲ್ಲದೆ ತಪ್ಪು ತಾನೇ ಹೋಯ್ತು ಅಂದುಕೊಳ್ಳುವವರು ಇದ್ದಾರೆ.

ಆ ಸಾಲಿನಲ್ಲಿ ಪ್ರತಿ ಚಾನಲ್‌ಗೆ ಎಷ್ಟು ಪವರ್‌ನಲ್ಲಿ ಕಳಿಸಬೇಕು ಅನ್ನುವ ಟೇಬಲ್ ಇತ್ತು. ಸಿ ಭಾಷೆಯಲ್ಲಿ ಎಣಿಕೆ 0ಯಿಂದ. 13 ಖಾನೆ ಇದ್ದರೆ ಕೊನೆಯದು 12. ಮೊದಲು ಅರೇ ಅಳತೆಯನ್ನು 14 ಮಾಡಿದೆ. ಎಚ್ಚರಿಕೆ ಹೋಯ್ತು, ಕನೆಕ್ಟ್ ಆಗಲೇ ಇಲ್ಲ.

ಆಮೇಲೆ ಟೇಬಲ್ ಖಾನೆಗಳನ್ನು ಒಂದೊಂದಾಗಿ ತುಂಬುವ ಕೋಡ್, ಅಂದ್ರೆ ಲೂಪ್, ಹುಡುಕಿ ಓದಿದೆ. ಅದು ಸರಿಯಾಗಿ 0ಯಿಂದಲೇ ತುಂಬುತ್ತಿತ್ತು. ಓದುವ ಕಡೆ ಮಾತ್ರ ಚಾನಲ್ ನಂಬರನ್ನೇ ನೇರವಾಗಿ ಇಂಡೆಕ್ಸ್ ಮಾಡಿದ್ದರು. ಹಾಗಾಗಿ ಚಾನಲ್ 1ಕ್ಕೆ 2ರ ಪವರ್, 6ಕ್ಕೆ 7ರದು. ಅಕ್ಕಪಕ್ಕದ ಅಂಕಿಗಳಲ್ಲಿ ವ್ಯತ್ಯಾಸ ತೀರಾ ಕಡಿಮೆ, ಯಾರಿಗೆ ಗೊತ್ತಾಗಬೇಕು ಅಲ್ವಾ? 13ರ ಮುಂದೆ ಖಾನೆಯೇ ಇಲ್ಲ. ಅಲ್ಲಿದ್ದದ್ದು ಬೇರೊಂದು ಫ್ಲಾಗ್ (ಹೌದು-ಇಲ್ಲ ಗುರುತು), ಬೆಲೆ 0. ಡಾಂಗಲ್ ಅದನ್ನೇ ಪವರ್ ಅಂತ ತಿಳಿದು ಅತಿ ಮೆಲ್ಲಗೆ ಕಳಿಸುತ್ತಿತ್ತು. ನಾನು ಸೇರಿಸಿದ ಹದಿನಾಲ್ಕನೇ ಖಾನೆಯಲ್ಲೂ 0 ಇತ್ತು.

ಅಳತೆಯನ್ನು ಮತ್ತೆ 13 ಮಾಡಿ, ಇಂಡೆಕ್ಸ್‌ನಲ್ಲಿ ಒಂದು ಕಳೆದೆ. ಗಲ್ಲಾ ಹತ್ತಿರ ಚಾನಲ್ 13ರಲ್ಲೇ ಬಿಲ್ ಬಂತು. ಈ ತಿದ್ದುಪಡಿಯ ಪ್ಯಾಚ್‌ಗೆ "ಹದಿಮೂರೂ ಚಾನಲ್‌ಗಳ ಪವರ್ ತಪ್ಪಾಗಿ ಓದುತ್ತಿತ್ತು" ಅಂತ ತಲೆಬರಹ ಕೊಟ್ಟು ಡ್ರೈವರ್ ನೋಡಿಕೊಳ್ಳುವವರಿಗೆ ಕಳಿಸಿದೆ.